ಎಂಬತ್ತನಾಲ್ಕು, ಇಪ್ಪತ್ತು

ಆಸ್ಪತ್ರೆಯಲ್ಲಿ ಎಣಿಸದೆಯೇ ಬರೆಯುವ ಅಂಕಿ ಒಂದಿದೆ. ಅದು ಉಸಿರು. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿ.ಪಿ.ಗೆ ಯಂತ್ರ ಇದೆ. ಉಸಿರನ್ನು ಮಾತ್ರ ನರ್ಸ್ ಆದವಳು ರೋಗಿಯ ಎದೆಯನ್ನೇ ನೋಡುತ್ತ, ಪೂರ್ತಿ ಒಂದು ನಿಮಿಷ ನಿಂತು ಎಣಿಸಬೇಕು. ವಾರ್ಡಿನ ತುಂಬ ರೋಗಿಗಳಿದ್ದು ಸಿಸ್ಟರುಗಳು ಇಬ್ಬರೇ ಇದ್ದರೆ ಆ ಒಂದು ನಿಮಿಷವನ್ನು ಎಲ್ಲಿಂದ ತರುವುದು? ಹಾಗಾಗಿ ಒಮ್ಮೆ ಕಣ್ಣು ಹಾಯಿಸಿ, 'ಇಪ್ಪತ್ತು' ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತೇವೆ. ಚಾರ್ಟುಗಳನ್ನು ನಂಬುವುದಾದರೆ ಪುಣೆಯ ಜನರೆಲ್ಲ ಮಾತಾಡಿಕೊಂಡವರಂತೆ ಒಂದೇ ಲೆಕ್ಕದಲ್ಲಿ ಉಸಿರಾಡುತ್ತಾರೆ.

ನಲವತ್ತೊಂದರ ವಯಸ್ಸಿನಲ್ಲಿ ನಾನು ಸ್ನಾತಕೋತ್ತರ ನರ್ಸಿಂಗ್ ಓದಲು ಹೊರಟಾಗ ಪ್ರಬಂಧಕ್ಕೆ ಆರಿಸಿಕೊಂಡದ್ದು ಇದೇ ವಿಷಯ. ವಾರವಿಡೀ ಭೋಸರಿಯ ಆಸ್ಪತ್ರೆಯಲ್ಲಿ ಡ್ಯೂಟಿ, ಶನಿವಾರ ಭಾನುವಾರ ಧನಕವಡಿಯ ಕಾಲೇಜಿನಲ್ಲಿ ಪಾಠ. ಊರಿನ ಈ ತುದಿಯಿಂದ ಆ ತುದಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಡಬ್ಬಿ ಕಟ್ಟಿಕೊಂಡು ಹೊರಡುವಾಗ ನನ್ನ ಗಂಡ ಬಾಗಿಲಲ್ಲಿ ನಿಂತು, "ಹೋಂವರ್ಕ್ ಮಾಡೀಯಿಲ್ಲೋ? ಟೀಚರ್‌ಬಾಯಿ ಬೆತ್ತ ತೊಗೊಂಡು ಕುಂತಿರ್ತಾರ" ಎಂದು ನಗುತ್ತಿದ್ದರು. ನನಗೆ ಸಿಟ್ಟು ಬೇಗ. "ನೀವು ಮೊದ್ಲು ಹಾಲಿನ ಪಾಕೀಟು ತರೂದು ಕಲೀರಿ" ಎಂದು ಹೇಳಿ ಮೆಟ್ಟಿಲಿಳಿಯುತ್ತಿದ್ದೆ. ಹದಿನೆಂಟು ವರ್ಷ ಇನ್ನೊಬ್ಬರು ಹೇಳಿದ್ದನ್ನು ಮಾಡಿದ್ದಾಗಿತ್ತು. ಏಕೆ ಮಾಡುತ್ತೇನೆ ಎಂದು ತಿಳಿಯುವ ಆಸೆ ನನಗೆ ಭಾಳ ತಡವಾಗಿ ಹುಟ್ಟಿತು, ಹುಟ್ಟಿದ ಮೇಲೆ ಸುಮ್ಮನಿರಲಿಲ್ಲ.

ನಮ್ಮ ಗೈಡ್ ಮರಾಠಿ ಮೇಡಂ. ಸಣ್ಣ ಆಳು, ದೊಡ್ಡ ಕನ್ನಡಕ. "ಅಂದಾಜೆ ಕಾಹೀ ಲಿಹಾಯ್ಚ ನಾಹೀ" ಎಂಬುದು ಅವರ ಮಂತ್ರ. ಅಂದಾಜಿಗೆ ಏನನ್ನೂ ಬರೆಯಕೂಡದು. ನಮ್ಮ ಆಸ್ಪತ್ರೆಯ ಹಳೆಯ ಫೈಲುಗಳು ನಾಶಕ್ಕೆ ಹೋಗುವುದರಲ್ಲಿದ್ದವು. ಅದಕ್ಕೂ ಮುಂಚೆ ಅವನ್ನು ನೋಡಲು ನನಗೆ ಅನುಮತಿ ಸಿಕ್ಕಿತು. ಮೇಡಂ ಎರಡು ನಿಯಮ ಹಾಕಿದರು. ಒಂದು, ಕಪಾಟಿನಿಂದ ಪ್ರತಿ ಮೂರನೆಯ ಫೈಲನ್ನೇ ತೆಗೆಯಬೇಕು, ಬೇಕಾದ್ದನ್ನು ಆರಿಸುವಂತಿಲ್ಲ, ಬೇಡವಾದ್ದನ್ನು ಬಿಡುವಂತಿಲ್ಲ. ಎರಡು, ರೋಗಿಯ ಹೆಸರು ನನ್ನ ಕಣ್ಣಿಗೆ ಬೀಳಬಾರದು. ನಾನು ಕೂರುವ ಮೊದಲೇ ಬೇರೆ ಯಾರಾದರೂ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿರಬೇಕು.

ಆ ಕೆಲಸಕ್ಕೆ ನನಗೆ ಸಿಕ್ಕವಳು ನಮ್ಮ ಮಾವಶಿ. ಪುಣೆಯ ಆಸ್ಪತ್ರೆಗಳಲ್ಲಿ ಆಯಾ ಕೆಲಸ ಮಾಡುವ ಹೆಂಗಸರನ್ನು ಹಾಗೆನ್ನುತ್ತಾರೆ, ಚಿಕ್ಕಮ್ಮ ಎಂದು. ಇವಳು ನನಗಿಂತ ಚಿಕ್ಕವಳು, ಆದರೂ ಮಾವಶಿ. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ತಾಯಿಯೊಡನೆ ಬಂದು ಇಲ್ಲೇ ಉಳಿದವಳು. ಅವಳ ತಾಯಿ ಎಂಟು ವರ್ಷದ ಹಿಂದೆ ಜ್ವರದಿಂದ ನಮ್ಮ ವಾರ್ಡಿಗೆ ಸೇರಿ, ಅಲ್ಲೇ ತೀರಿಕೊಂಡಳು. ಆ ದಿನ ಬೆಳಗಿನ ಪಾಳಿಯ ಡ್ಯೂಟಿಯಲ್ಲಿ ಇದ್ದವಳು ನಾನು. ತಾಯಿ ಹೋದ ಮೇಲೆ ಇವಳಿಗೆ ಇಲ್ಲಿ ಕೆಲಸ ಕೊಡಿಸಿದ್ದೂ ನಾನೇ. ಹಬ್ಬ ಬಂದರೆ ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟು, ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು.

"ನಮ್ಮವ್ವ ಒಬ್ಬಾಕಿನ ಸಾಯ್ಲಿಲ್ರಿ ಅಕ್ಕಾರ. ಕಡೀ ಹೊತ್ತಿನ್ಯಾಗ ಕೈ ಹಿಡಕೊಂಡಿದ್ದೋರು ನೀವು. ನನಗ ಅಷ್ಟ ಸಮಾಧಾನ ನೋಡ್ರಿ."

ನಾನೂ ಅದನ್ನೇ ನಂಬಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ನಾನೇ ನಾಡಿ ಹಿಡಿದು ನೋಡಿದ್ದೆ, ಎಲ್ಲ ಸರಿಯಿತ್ತು, ಆಮೇಲೆ ನಿದ್ದೆಯಲ್ಲೇ ಹೋದಳು ಎಂದು ನಾನೇ ಅವಳಿಗೆ ಹೇಳಿದ್ದು. ಅದು ನನಗೆ ನಿಚ್ಚಳವಾಗಿ ನೆನಪಿತ್ತು. ಕಂಬಳಿಯಡಿಯ ಬೆಚ್ಚಗಿನ ತೋಳು, ಕೈತುಂಬ ಹಸಿರು ಬಳೆ, ಏರಿಳಿಯುತ್ತಿದ್ದ ಎದೆ.

ದಾಖಲೆ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಬುಧವಾರ ಬೆಳಗಿನ ಡ್ಯೂಟಿ ಮುಗಿಸಿ, ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಇಳಿದು ಹೋಗುತ್ತಿದ್ದೆವು. ಕಿಟಕಿ ಇಲ್ಲ. ಟ್ಯೂಬ್‌ಲೈಟ್ ಹಚ್ಚಿದರೆ ಕಪಾಟುಗಳ ನಡುವೆ ಅರ್ಧ ಬೆಳಕು. ಗೋಡೆಯಾಚೆ ಆಕ್ಸಿಜನ್ ಸಿಲಿಂಡರುಗಳ ಕೋಣೆ. ಅಲ್ಲಿಂದ ನಡುನಡುವೆ 'ಉಸ್ಸ್' ಎಂಬ ಸದ್ದು ಬರುತ್ತಿತ್ತು. ಬಂದರೆ ಸಾಲಾಗಿ ಹತ್ತು ಸಲ ಬಂದು ನಿಂತುಬಿಡುತ್ತಿತ್ತು. ಯಂತ್ರದ ಸದ್ದು ಎಂದು ನನಗೆ ಗೊತ್ತು. ಆದರೂ ಅದು ನಿಂತಾಗ, ಮುಂದಿನದು ಬರುವ ತನಕ ನಾನು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದೆ.

ಮಾವಶಿಗೆ ಓದು ಬರಹ ಬಾರದು. ಎಣಿಕೆ ಪಕ್ಕಾ. ಕಪಾಟಿನ ಮೇಲೆ ಬೆರಳಾಡಿಸುತ್ತ "ಒಂದ್, ಎಲ್ಡ್, ಮೂರ್" ಎಂದು ಹಿಡಿದು ತೆಗೆದು, ಮೊದಲ ಪುಟದ ಮೇಲಿನ ಸಾಲಿಗೆ ಗೋಂದು ಹಚ್ಚಿದ ಪಟ್ಟಿ ಅಂಟಿಸಿ, ಅಂಗೈಯಿಂದ ಒತ್ತಿ ನನ್ನ ಮೇಜಿಗೆ ಇಡುತ್ತಿದ್ದಳು. ನಾನು ಚಾರ್ಟು ತೆರೆದು ಉಸಿರಿನ ಕಾಲಮ್ಮಿನ ಅಂಕಿಗಳನ್ನು ಪಟ್ಟಿ ಮಾಡುತ್ತಿದ್ದೆ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಪುಟ ತಿರುವಿದರೂ ಇಪ್ಪತ್ತು. ಮೊದಲ ವಾರಗಳಲ್ಲಿ ನಗು ಬರುತ್ತಿತ್ತು. ಬರಬರುತ್ತ ನಗು ನಿಂತಿತು. ಎಷ್ಟೊಂದು ಜನ, ಎಷ್ಟೊಂದು ವರ್ಷ, ಎಲ್ಲರದೂ ಅದೇ ಉಸಿರು.

ಮಳೆಗಾಲದ ಒಂದು ಬುಧವಾರ ನನ್ನ ಅಕ್ಷರ ಎದುರಾಯಿತು.

ನಾನು ಬರೆಯುವ 7ರ ನಡುವೆ ಅಡ್ಡಗೆರೆ ಇರುತ್ತದೆ. ಅದನ್ನು ನೋಡಿ ಗುರುತು ಹಿಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಂತೆ ಕೂಡಲೇ ಹಿಂದೆ ನೋಡಿದೆ. ಮಾವಶಿ ಕಪಾಟು ಒರೆಸುತ್ತಿದ್ದಳು. ಚಾರ್ಟಿನ ಅಂಚಿನಲ್ಲಿ ನಾನೇ ಬರೆದ ಟಿಪ್ಪಣಿ: ಮರಾಠಿ ಬರುವುದಿಲ್ಲ, ಕನ್ನಡ ಮಾತ್ರ, ಬಳೆ ತೆಗೆಯಲು ಒಪ್ಪುವುದಿಲ್ಲ. ಹನ್ನೊಂದು ಗಂಟೆಗೆ ನಾಡಿ ತೊಂಬತ್ತೇಳು, ಉಸಿರು ಇಪ್ಪತ್ತಾರು. ಒಂದು ಗಂಟೆಗೆ ನಾಡಿ ಎಂಬತ್ತನಾಲ್ಕು, ಉಸಿರು ಇಪ್ಪತ್ತು. ಅದರ ಕೆಳಗೆ ಏನೂ ಇರಲಿಲ್ಲ. ಪುಟ ತಿರುವಿದೆ. ಎರಡು ಗಂಟೆ ದಾಟಿದ ಮೇಲೆ ಡ್ಯೂಟಿ ಡಾಕ್ಟರು ಬರೆದ ನಾಲ್ಕು ಸಾಲು: ಪಾಳಿ ಬದಲಾಗುವಾಗ ಸಿಸ್ಟರ್ ಗಮನಿಸಿ ಕರೆದರು, ನಾಡಿ ಇಲ್ಲ, ಉಸಿರಿಲ್ಲ, ಕೈಕಾಲು ತಣ್ಣಗಿದೆ, ದವಡೆ ಬಿಗಿಯತೊಡಗಿದೆ.

ಹೆಸರಿನ ಮೇಲೆ ಪಟ್ಟಿ ಇತ್ತು. ಮಗಳೇ ತಾಯಿಯ ಹೆಸರನ್ನು ಮುಚ್ಚಿ, ಒತ್ತಿ, ನನ್ನ ಮುಂದೆ ಇಟ್ಟಿದ್ದಳು.

ಆ ನಾಲ್ಕು ಸಾಲನ್ನು ನಾನು ಎಂಟು ವರ್ಷದ ಹಿಂದೆಯೂ ನೋಡಿರಬಹುದು. ಆಗ ಅದು ಡಾಕ್ಟರ ಗೀಚು. ಈಗ ಓದು ತಲೆಗೆ ಹತ್ತಿತ್ತು. ಸತ್ತ ಕೂಡಲೇ ದವಡೆ ಬಿಗಿಯುವುದಿಲ್ಲ, ಎರಡು ತಾಸಾದರೂ ಬೇಕು ಎಂದು ಹೋದ ತಿಂಗಳಷ್ಟೇ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಜ್ವರ ಬಂದ ಮೈ ಬೇಗ ಬಿಗಿಯುತ್ತದೆ ಎಂದು ನನ್ನ ಪರವಾಗಿ ನಾನೇ ವಕಾಲತ್ತು ಮಾಡಿ ನೋಡಿದೆ. ಕೈಕಾಲು ತಣ್ಣಗಿದೆ ಎಂಬ ಮಾತು ಅದಕ್ಕೆ ಜಗ್ಗಲಿಲ್ಲ. ಒಂದು ಗಂಟೆಗೆ ಆ ಮುದುಕಿ ಬದುಕಿರಲಿಲ್ಲ. ಮತ್ತೆ ಇಪ್ಪತ್ತು ಎಂದು ನಾನು ಬರೆದದ್ದು ಯಾರ ಉಸಿರು?

ಹತ್ತಿರವೇ ಹೋಗದೆ ಬರೆದಿದ್ದೇನೆ ಎಂದುಕೊಂಡೆ. ಎಲ್ಲರ ಹಾಗೆ. ಬೆಚ್ಚಗಿನ ತೋಳು, ಹಸಿರು ಬಳೆ ಎಲ್ಲ ಆಮೇಲೆ ನನ್ನ ಮನಸ್ಸು ಕಟ್ಟಿಕೊಂಡದ್ದು. ನನಗೆ ನನ್ನ ಮೇಲೆ ಅಸಹ್ಯವಾಯಿತು. ಮಾವಶಿ ಬೆನ್ನು ತಿರುಗಿಸಿದ್ದಾಗ ಆ ಫೈಲನ್ನು ಅದರ ಜಾಗದಲ್ಲೇ ತುರುಕಿ, ಪಕ್ಕದ್ದನ್ನು ಎಳೆದುಕೊಂಡೆ. ಮೇಡಂ ಹಾಕಿದ ನಿಯಮ ಮುರಿಯಿತು. ಅದು ಮುರಿದರೆ ಇಡೀ ಪ್ರಬಂಧವೇ ಸುಳ್ಳು, ಪದವಿಯೂ ಸುಳ್ಳು. ಆದರೆ ಆ ಕ್ಷಣ ನನಗೆ ಬೇಕಾಗಿದ್ದು ಒಂದೇ, ಇವಳಿಗೆ ಗೊತ್ತಾಗಬಾರದು.

ಆ ವಾರದಿಂದ ನನಗೆ ಎಣಿಸುವ ಹುಚ್ಚು ಹತ್ತಿತು. ಧನಕವಡಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗಿದ್ದ ಒಬ್ಬ ಅಜ್ಜನ ಎದೆ ನೋಡುತ್ತ ಗಡಿಯಾರ ಹಿಡಿದೆ. ಇಪ್ಪತ್ತು. ಭಾನುವಾರ ಕ್ಲಾಸಿನಿಂದ ಬಂದು, ಸೋಫಾದ ಮೇಲೆ ಒರಗಿದ್ದ ಗಂಡನ ಮೇಲೆ ಬಗ್ಗಿ ಎಣಿಸಿದೆ. ಇಪ್ಪತ್ತು. ಅವರು ಕಣ್ಣು ಬಿಟ್ಟು, ನನ್ನ ಮುಖ ಅಷ್ಟು ಹತ್ತಿರ ಕಂಡು ಬೆಚ್ಚಿಬಿದ್ದರು.

"ಏನವ್ವಾ ಇದು! ನಾ ಇನ್ನೂ ಇದ್ದೀನಿ. ಗಾಬರಿ ಮಾಡಬ್ಯಾಡ."

ನಾನು ನಗಲಿಲ್ಲ. ಒಳಗೆ ಹೋಗಿ ಕುಕ್ಕರಿನ ಮುಂದೆ ನಿಂತೆ. ಯಾರನ್ನು ನೋಡಿದರೂ ಇಪ್ಪತ್ತೇ ಬರುವುದಾದರೆ, ನಾನು ಎಣಿಸುತ್ತಿರುವುದು ಅವರನ್ನೋ ಅಲ್ಲವೋ ಎಂಬ ಭಯ ನನ್ನೊಳಗೆ ಕೂತುಬಿಟ್ಟಿತ್ತು.

ಮುಂದಿನ ಬುಧವಾರ ಕೆಳಗಿಳಿದರೆ ಆ ಫೈಲು ಮೇಜಿನ ಮೇಲಿತ್ತು, ಎಲ್ಲಕ್ಕಿಂತ ಮೇಲೆ. ಅದೇ ಪಟ್ಟಿ. 

"ಇದನ್ಯಾಕ ಇಟ್ಟಿ?"

"ಮೂರನೇದ್ದು ಅದರೀ ಅಕ್ಕಾರ. ನೀವು ತಪ್ಪಿ ಒಳಗಿಟ್ಟಿದ್ರಿ, ಬಾಜೂದು ತೊಗೊಂಡಿದ್ರಿ. ನಾ ಮತ್ತ ಎಣಿಸಿದ್ನಿ."

ಅವಳ ದನಿಯಲ್ಲಿ ಏನೂ ಇರಲಿಲ್ಲ. ಎಣಿಕೆ ತಪ್ಪಿತ್ತು, ಸರಿ ಮಾಡಿದ್ದಳು, ಅಷ್ಟೆ. ಅವಳು ಬಕೆಟ್ಟಿಗೆ ನೀರು ತರಲು ಹೋದಾಗ ಫೈಲನ್ನು ಮತ್ತೆ ಕಪಾಟಿಗೆ ಒಯ್ಯಬೇಕೆಂದು ಎತ್ತಿಕೊಂಡೆ. ಬಲಗೈಯಲ್ಲಿ, ಹೆಬ್ಬೆರಳು ಮೇಲೆ ಮಾಡಿ, ಬಿಗಿಯಾಗಿ ಹಿಡಿದಿದ್ದೆ. ಗೋಡೆಯಾಚೆಯ ಉಸ್ಸ್ ಸದ್ದು ಶುರುವಾಗಿ ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ ಕೈಯೊಳಗೆ ಫೈಲು ಮಿಡಿಯಿತು.

ಒಂದು ಸಲ ಅಲ್ಲ. ಒಂದೇ ಸಮನೆ, ನಿಧಾನವಾಗಿ, ರಟ್ಟಿನ ಒಳಗಿಂದ ಯಾರೋ ಬೆರಳಿನಿಂದ ತಟ್ಟುವ ಹಾಗೆ. ಫೈಲು ಕೈಯಿಂದ ಬಿತ್ತು, ಹಾಳೆಗಳು ನೆಲದ ತುಂಬ ಹರಡಿದವು. ಹದಿನೆಂಟು ವರ್ಷದಲ್ಲಿ ಎಷ್ಟೋ ಹೆಣಗಳನ್ನು ಒರೆಸಿ, ಕಟ್ಟಿ, ಕಳಿಸಿದ್ದೇನೆ, ಎಂದೂ ಹೆದರಿದವಳಲ್ಲ. ಅಂದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

ಮಾವಶಿ ಬಂದು ಹಾಳೆಗಳನ್ನು ಆಯತೊಡಗಿದಳು. ನನ್ನ ಮುಖ ನೋಡಿ, "ಏನಾತ್ರಿ?" ಎಂದಳು. ಇನ್ನು ತಡೆಯಲಾಗಲಿಲ್ಲ.

"ನಿಮ್ಮವ್ವ ಹ್ವಾದ ದಿನ, ಒಂದು ಗಂಟೇಕ ನಾ ಆಕಿ ಹತ್ರ ಬಂದಿದ್ನೇನ? ಖರೇನ ಬಂದಿದ್ನೇನ? ನೋಡಿದ್ದಿ ನೀ?"

"ಬಂದಿದ್ರಲ್ರಿ! ನಾ ಗಂಜಿ ಡಬ್ಬಿ ತೊಗೊಂಡು ಬಾಗಲಾಗ ನಿಂತಿದ್ನಿ. ನೀವು ಓಡ್ಕೋತ ಬಂದ್ರಿ, ಅವ್ವನ ಕೈ ಎದಿ ಮ್ಯಾಲ ಇಟ್ಟು ಹಿಡ್ಕೊಂಡ್ರಿ, ಗಡಿಯಾರ ನೋಡಿದ್ರಿ. ಭಾಳ ಹೊತ್ತು ನಿಂತ್ರಿ. ಹೊರಗ ಬಂದು, ಮಲಗ್ಯಾಳ, ಎಬ್ಬಸಬ್ಯಾಡ, ಎರಡಕ್ಕ ಬಾ ಅಂದ್ರಿ."

ನನ್ನ ಎದೆ ಹಗುರಾಯಿತು. ಹಾಗಾದರೆ ನಾನು ಎಣಿಸಿದ್ದೆ, ನೆನಪು ಸುಳ್ಳಲ್ಲ. ಆದರೆ ಮರುಕ್ಷಣವೇ ಅದಕ್ಕಿಂತ ಕೆಟ್ಟ ಯೋಚನೆ ಬಂತು. ನಿಜವಾಗಿ ಎಣಿಸಿದ್ದರೆ, ಸತ್ತವಳ ಕೈ ಹಿಡಿದು ಎಂಬತ್ತನಾಲ್ಕು ಎಣಿಸಿದ್ದೇನೆ.

"ಹೆಂಗ ಹಿಡದಿದ್ನಿ?"

"ಹಿಂಗ್ರೀ" ಎಂದು ಅವಳು ನನ್ನ ಕೈಯನ್ನು ನನ್ನ ಎದೆಯ ಮೇಲಿಟ್ಟಳು. ತನ್ನ ಕೈಯನ್ನು ಮಣಿಕಟ್ಟಿನ ಸುತ್ತ ಹಾಕಿ, ಹೆಬ್ಬೆರಳನ್ನು ನಾಡಿಯ ಮೇಲೆ ಒತ್ತಿ ಹಿಡಿದಳು.

ಹೆಬ್ಬೆರಳು.

ನರ್ಸಿಂಗ್ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ನಾಡಿಯನ್ನು ನಡುವಿನ ಮೂರು ಬೆರಳಿನಿಂದ ನೋಡಬೇಕು, ಹೆಬ್ಬೆರಳಿನಿಂದ ಎಂದೂ ನೋಡಬಾರದು. ಹೆಬ್ಬೆರಳಿಗೆ ತನ್ನದೇ ಮಿಡಿತವಿದೆ, ರೋಗಿಯದೆಂದು ನಮ್ಮದನ್ನೇ ಎಣಿಸಿಬಿಡುತ್ತೇವೆ. ನಾನೂ ಕಲಿತಿದ್ದೆ, ಹೊಸ ಹುಡುಗಿಯರಿಗೆ ಹೇಳಿಯೂ ಕೊಟ್ಟಿದ್ದೆ. ಆದರೆ ಒಂದು ಕೈಯಲ್ಲಿ ಪೆನ್ನು, ಚಾರ್ಟು, ಮುಂದೆ ಹತ್ತು ಹಾಸಿಗೆ ಬಾಕಿ ಎಂದಾಗ ಮಣಿಕಟ್ಟನ್ನು ಗಪ್ಪನೆ ಹಿಡಿದುಬಿಡುವ ಚಾಳಿ ನನಗೆ ಯಾವಾಗಲೋ ಅಂಟಿತ್ತು. ಫೈಲು ಮಿಡಿದದ್ದೂ ಅದೇ. ಆ ಮುದುಕಿ ಮಿಡಿದದ್ದೂ ಅದೇ. ಓಡಿ ಬಂದು, ಸತ್ತವಳ ಎದೆಯ ಮೇಲೆ ನನ್ನ ಕೈಯೂರಿ ಬಗ್ಗಿದ್ದೆ. ಕಂಬಳಿಯಡಿ ಜ್ವರದ ಕಾವು ಇನ್ನೂ ಆರಿರಲಿಲ್ಲ, ಏರಿಳಿದದ್ದು ನನ್ನ ಮೈ. ಎಂಬತ್ತನಾಲ್ಕು ನನ್ನ ನಾಡಿ, ಇಪ್ಪತ್ತು ನನ್ನ ಉಸಿರು. ಸತ್ತವಳ ಚಾರ್ಟಿನಲ್ಲಿ ನನ್ನ ಜೀವ ಬರೆದು, ಸಹಿ ಮಾಡಿ, ಡಬ್ಬಿ ಹಿಡಿದು ನಿಂತ ಮಗಳನ್ನು ಹೊರಗೆ ಕೂರಿಸಿದ್ದೆ.

ಮುಚ್ಚಿಡಬಹುದಿತ್ತು. ಅವಳಿಗೆ ಓದಲು ಬರುವುದಿಲ್ಲ, ಮುಂದಿನ ತಿಂಗಳು ಫೈಲೇ ಇರುವುದಿಲ್ಲ. ಎಂಟು ವರ್ಷ ಅವಳನ್ನು ಕಾಪಾಡಿದ ಸಮಾಧಾನವನ್ನು ಕಿತ್ತುಕೊಳ್ಳಲು ನಾನು ಯಾರು ಎಂದೂ ಅನ್ನಿಸಿತು. ಆದರೆ ಆ ಸಮಾಧಾನದಿಂದ ಹೆಚ್ಚು ಸುಖ ಉಂಡವಳು ನಾನೇ. ಹಬ್ಬಹಬ್ಬಕ್ಕೂ ಅವಳ ರೊಟ್ಟಿ ತಿಂದವಳು ನಾನು. ಕೆಳಗೆ ನೆಲದ ಮೇಲೆ ಅವಳ ಪಕ್ಕ ಕೂತು, ಇದು ನಿಮ್ಮವ್ವನ ಫೈಲು ಎಂದೆ. ಎಲ್ಲವನ್ನೂ ಹೇಳಿದೆ, ಹೆಬ್ಬೆರಳು ತೋರಿಸಿ ಹೇಳಿದೆ. ಒಂದು ಗಂಟೆಗೂ ಮುಂಚೆಯೇ ಅವ್ವ ಹೋಗಿದ್ದಳು, ಆಗ ಯಾರೂ ಹತ್ತಿರ ಇರಲಿಲ್ಲ ಎಂದೆ.

ಅವಳು ಅಳಲಿಲ್ಲ. ಆಯ್ದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಫೈಲಿನೊಳಗೆ ಇಟ್ಟಳು. ಆಮೇಲೆ ಕೇಳಿದಳು.

"ಹಂಗಾರ ಒಂದು ತಾಸು ನಾ ಹೊರಗ ಗಂಜಿ ಹಿಡಕೊಂಡು ಯಾರ ಸಲುವಾಗಿ ಕುಂತಿದ್ನಿರಿ?"

 "ತಪ್ಪಾತು ನಂದು" ಎಂದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೆಸರು ಎಲ್ಲಿದೆ ಎಂದಳು, ತೋರಿಸಿದೆ. ತಾನೇ ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಕೆರೆದಳು. ಗೋಂದು ಗಟ್ಟಿಯಾಗಿ ಹಿಡಿದಿತ್ತು, ಅರ್ಧ ಮಾತ್ರ ಕಿತ್ತು ಬಂತು. ಕಂಡಷ್ಟು ಅಕ್ಷರಗಳ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಹೊಸ ಪಟ್ಟಿ ಕತ್ತರಿಸಿ, ಗೋಂದು ಹಚ್ಚಿ, ಮೊದಲಿನಂತೆ ಅಂಟಿಸಿ, ಫೈಲನ್ನು ಮೇಜಿನ ಮೇಲಿಟ್ಟಳು.

"ಮೂರನೇದ್ದರೀ ಇದು. ಇದನ್ನ ಬಿಡಬ್ಯಾಡ್ರಿ."

ಬಿಡಲಿಲ್ಲ. ಪ್ರಬಂಧದಲ್ಲಿ ಆ ಫೈಲಿಗೆ ಒಂದು ಪೂರ್ತಿ ಪುಟ ಕೊಟ್ಟೆ. ಗೈಡ್ ಮೇಡಂ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಹೀ ಸಿಸ್ಟರ ಕೋಣ?" ಈ ಸಿಸ್ಟರ್ ಯಾರು ಎಂದು ಕೇಳಿದರು. ನಾನೇ ಆ ಸಿಸ್ಟರ್ ಎಂದೆ. ಅವರು ತಮ್ಮ ಮಣಿಕಟ್ಟನ್ನು ತಾವೇ ಹಿಡಿದುಕೊಂಡರು, ಯಾವ ಬೆರಳು ನಾಡಿಯ ಮೇಲಿದೆ ಎಂದು ನೋಡಿಕೊಂಡು ಬೆರಳು ಬದಲಿಸಿದರು. ಆಮೇಲೆ ಸಹಿ ಹಾಕಿದರು. ನಮ್ಮ ಆಸ್ಪತ್ರೆಯ ಮೇಟ್ರನ್‌ಗೂ ಬರೆದು ಕೊಟ್ಟೆ. ಅದರ ಉತ್ತರ ಇನ್ನೂ ಬಂದಿಲ್ಲ.

ಮಾವಶಿ ರೊಟ್ಟಿ ತರುವುದನ್ನು ನಿಲ್ಲಿಸಿದ್ದಾಳೆ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ದಿನಾ ಮಧ್ಯಾಹ್ನ ಒಂದು ಗಂಟೆಗೆ, ನಾನು ಯಾವ ವಾರ್ಡಿನಲ್ಲಿದ್ದರೂ ಹುಡುಕಿಕೊಂಡು ಬಂದು, ಎದುರು ಸ್ಟೂಲಿನ ಮೇಲೆ ಕೂತು, ಕೈ ಮುಂದೆ ಚಾಚುತ್ತಾಳೆ.

"ಎಣಸ್ರಿ ಅಕ್ಕಾರ. ನಾ ಇದ್ದೀನೇನು ನೋಡ್ರಿ."

ಮೊದಲ ದಿನ ನನಗೆ ಓಡಿಹೋಗಬೇಕೆನ್ನಿಸಿತ್ತು. ಈಗ ಏನು ಕೆಲಸವಿದ್ದರೂ ಬಿಟ್ಟು ಕೂರುತ್ತೇನೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮೂರು ಬೆರಳನ್ನು ಅವಳ ಮಣಿಕಟ್ಟಿನ ಮೇಲಿಟ್ಟು, ಒಂದು ನಿಮಿಷ ನಾಡಿ, ಇನ್ನೊಂದು ನಿಮಿಷ ಉಸಿರು. ಅವಳು ನನ್ನ ಕಣ್ಣನ್ನೇ ನೋಡುತ್ತ ಕೂತಿರುತ್ತಾಳೆ. ಎಣಿಸಿದ್ದನ್ನು ಗಟ್ಟಿಯಾಗಿ ಹೇಳುತ್ತೇನೆ. ಹದಿನೇಳು. ಹದಿನೈದು. ಹದಿನೆಂಟು. ಅವಳು ತಲೆಯಾಡಿಸಿ ಎದ್ದು ಹೋಗುತ್ತಾಳೆ. ಇಷ್ಟು ತಿಂಗಳಲ್ಲಿ ಒಂದು ದಿನವೂ ಇಪ್ಪತ್ತು ಬಂದಿಲ್ಲ. ಬಂದ ದಿನ, ಅದು ಅವಳದೋ ನನ್ನದೋ ಎಂದು, ಇನ್ನೊಬ್ಬ ಸಿಸ್ಟರನ್ನು ಕರೆದು ಎಣಿಸಲು ಹೇಳುತ್ತೇನೆ.